ತುಳುಕು

ಕೀಲಿಕೈ ಕೇಳಿದೆ. ಹರಾಜಿನಂಗಳದ ಹುಡುಗ ನಕ್ಕ:
ಸೈನ್ಯದ ಟ್ರಕ್ಕಿಗೆ ಕೀಲಿಕೈ ಇರುವುದಿಲ್ಲ,
ಸಾಯುವ ಗಡಿಬಿಡಿಯಲ್ಲಿ ಯಾರು ಜೇಬು ತಡಕುತ್ತಾರೆ?
ಒಂದು ಹಿಡಿ ತಿರುಗಿಸಿ, ಒಂದು ಗುಂಡಿ ಒತ್ತಿ, ಅಷ್ಟೇ.
ಒತ್ತಿದೆ.
ಆರು ಗಾಲಿ, ಆರೂ ದುಡಿಯುವಂಥವು;
ಹಸಿರು ಹೆಣ ಕೆಮ್ಮಿ, ಕಪ್ಪು ಉಗುಳಿ, ಎದ್ದು ಕೂತಿತು.

ಇನ್ನೂರು ಮೈಲಿ ತಂದೆವು, ಗಂಟೆಗೆ ನಲವತ್ತೈದರಂತೆ,
ಕಿವಿಗೆ ಹತ್ತಿ ತುರುಕಿಕೊಂಡು.
ಡೆಲ್ಮರ್ ದಾರಿಯುದ್ದಕ್ಕೂ ಏನೋ ಹೇಳುತ್ತಲೇ ಇದ್ದ.
ಏನೆಂದು ಈವರೆಗೂ ಗೊತ್ತಿಲ್ಲ.

ನಮ್ಮದು ನೆಬ್ರಾಸ್ಕಾದ ಮರಳುಗುಡ್ಡಗಳ ಸೀಮೆ.
ಹುಲ್ಲು, ಹುಲ್ಲು, ನಡುವೆ ಒಂದು ಗಾಳಿಯಂತ್ರ, ಮತ್ತೆ ಹುಲ್ಲು.
ಸಿಡಿಲು ಕಡ್ಡಿ ಗೀರಿದರೆ
ಮೊದಲ ಮನೆ ಸಿಗುವ ಮುನ್ನ ಬೆಂಕಿಗೆ ಹದಿನೆಂಟು ಮೈಲಿ ಊಟ.
ಅಗ್ನಿಶಾಮಕ ದಳವೆಂದರೆ ನಾವೇ ಒಂಬತ್ತು ಜನ:
ಅಂಚೆಯವನು, ದನದ ಡಾಕ್ಟರು, ಇಬ್ಬರು ಟೀಚರು,
ನಾಲ್ವರು ದನಗಾರರು,
ಬೆಸುಗೆ ಬಲ್ಲವಳು ನಾನು, ಆರ್ಲಿಸ್.

ಚಳಿಗಾಲವಿಡೀ ಬಿಚ್ಚಿದೆವು.
ಕ್ಯಾನ್ವಾಸ್ ಮುಸುಕು, ಮರದ ಬೆಂಚು, ಬಂದೂಕಿನ ಗೂಡು.
ಹಸಿರು ಕೆರೆದರೆ ಮರಳು ಬಣ್ಣ, ಅದನ್ನು ಕೆರೆದರೆ ಮತ್ತೆ ಹಸಿರು.
ಯಾವ ಯಾವ ದೇಶದಲ್ಲಿ ಅವಿತು ಕೂತಿತ್ತೋ.
ದೀಪದ ಸ್ವಿಚ್ಚಿಗೆ ಮೂರು ಸನ್ನೆ, ಒಂದು ಬರೀ ಬೀಗಕ್ಕೆ,
ಕೈತಪ್ಪಿಯೂ ಬೆಳಕು ಹೊರಬೀಳದಿರಲೆಂದು.
ಕೀಗನ್ ಅದನ್ನು ಕಿತ್ತೆಸೆದು, ಮೈತುಂಬ ನಿಂಬೆಹಳದಿ ಬಳಿದು,
ನೆತ್ತಿಗೆ ಕೆಂಪು ದೀಪ ಕೂರಿಸಿದ.
ಇಪ್ಪತ್ನಾಲ್ಕು ವೋಲ್ಟಿನ ಗಾಡಿಗೆ ಹನ್ನೆರಡರ ಬಲ್ಬು ಹಾಕಿ
ಮೂರು ಸುಟ್ಟ ಮೇಲೆ ಅವನಿಗೆ ಬುದ್ಧಿ ಬಂತು.

ನೀರಿನ ಟ್ಯಾಂಕು ನನ್ನ ಪಾಲಿಗೆ ಬಂತು.
ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮುಂಚಿನದು ಹಾಲಿನ ಟ್ಯಾಂಕರು,
ಡೈರಿ ಮುಚ್ಚಿದಾಗ ಪುಕ್ಕಟೆ ಸಿಕ್ಕಿದ್ದು.
ಹಾಲಿನ ಟ್ಯಾಂಕಿನೊಳಗೆ ಅಡ್ಡಗೋಡೆ ಇಡುವುದಿಲ್ಲ,
ಮೂಲೆ ಇದ್ದಲ್ಲಿ ಹಾಲು ಹುಳಿಯುತ್ತದೆ.
ಒಳಗೆಲ್ಲ ನುಣುಪು, ಹಲ್ಲಿಲ್ಲದ ಬಾಯಿಯಂತೆ.
ತುಂಬಿದ್ದರೆ ತುಳುಕುವುದಿಲ್ಲ. ಬರಿದಾದರೂ ಭಯವಿಲ್ಲ.
ಅರ್ಧ ನೀರು ಬೆಂಕಿಗೆ ಸುರಿದು, ಉಳಿದರ್ಧ ಹೊತ್ತು
ಓರಿನ್ ತಿರುವಿನಲ್ಲಿ ಬ್ರೇಕು ಒತ್ತಿದ.
ಟ್ರಕ್ಕು ಅವನ ಮಾತು ಕೇಳಿತು.
ನೀರು ಕೇಳಲಿಲ್ಲ.

ನನಗಿಂತ ಹನ್ನೊಂದೇ ತಿಂಗಳಿಗೆ ದೊಡ್ಡವನು.

ಫೆಬ್ರವರಿ. ಟ್ಯಾಂಕಿನ ಬಾಯಿಂದ ಒಳಗಿಳಿದು, ಮೊಣಕಾಲೂರಿ,
ಕಬ್ಬಿಣದ ಹೊಟ್ಟೆಯಲ್ಲಿ ಗೋಡೆ ಕಟ್ಟಿದೆ.
ಒಂದೊಂದಕ್ಕೂ ತೂತು ಕೊರೆದೆ:
ನೀರು ಹೋಗಲಿ, ಓಡದಿರಲಿ.
ಪುಸ್ತಕ ನಾಲ್ಕು ಸಾಕೆಂದಿತು. ಡೆಲ್ಮರ್ ಐದೆಂದ.
ಏಳು ಹಾಕಿದೆ.
ಗೋಡೆ ಹೆಚ್ಚಿದಷ್ಟೂ ತೂಕ ಹೆಚ್ಚು, ತೂಕ ಹೆಚ್ಚಿದಷ್ಟೂ ನೀರು ಕಮ್ಮಿ,
ಆ ಲೆಕ್ಕ ನನಗೂ ಬರುತ್ತದೆ.
ಹೊರಗಿನಿಂದ ಡೆಲ್ಮರ್ ತಟ್ಟಿದ:
ಸಾಕು ಆರ್ಲಿಸ್, ಮೇಲೆ ಬಾ, ಉಸಿರಾಡು.
ಆ ಮಾತು ಗೋಡೆಯಿಂದ ಗೋಡೆಗೆ ದಾಟಿ
ನನ್ನ ಬಳಿ ಬರುವಷ್ಟರಲ್ಲಿ
ಯಾರದ್ದೋ ಪಿಸುಮಾತಾಗಿತ್ತು.

ಏಪ್ರಿಲಿನಲ್ಲಿ ಬೇಕೆಂದೇ ಅರ್ಧ ತುಂಬಿಸಿದೆವು.
ಅದೇ ತಿರುವು. ನಾನೇ ಕೂತೆ.
ಯಾರೂ ಬೇಡ ಎನ್ನಲಿಲ್ಲ, ಕೀಗನ್ ಮಾತ್ರ ಟೋಪಿ ತೆಗೆದ,
ತೆಗೆದದ್ದಕ್ಕೆ ನಾಚಿ ಮತ್ತೆ ಹಾಕಿಕೊಂಡ.
ಬ್ರೇಕು ಒತ್ತಿದೆ.
ಬೆನ್ನಹಿಂದೆ ನೀರು ಎದ್ದಿತು,
ಒಂದು ಗೋಡೆಗೆ ತಲೆ ಗುದ್ದಿತು, ಇನ್ನೊಂದಕ್ಕೆ ಭುಜ.
ನಿಂತಿತು ಅನ್ನಲಾರೆ.
ಗೊಣಗುತ್ತಾ ಕೂತಿತು.

ಶೆಡ್ಡಿಗೆ ತಂದು ನಿಲ್ಲಿಸಿ, ಇಳಿದು,
ಅಭ್ಯಾಸಬಲ, ಕೀಲಿಕೈಗೆಂದು ಜೇಬಿಗೆ ಕೈ ಹಾಕಿದೆ.
ಸಿಕ್ಕಿತು.
ಹಾಲಿನ ಟ್ಯಾಂಕರಿನದ್ದು.

ಗಾಳಿ ದಕ್ಷಿಣಕ್ಕೆ ತಿರುಗಿತ್ತು.
ಹುಲ್ಲು ಒಣಗಲು ಇನ್ನು ಹತ್ತು ವಾರ ಎಂದ ಡೆಲ್ಮರ್.
ಈ ಸಲ ಸ್ಪಷ್ಟವಾಗಿ ಕೇಳಿಸಿತು.